‘ಅರ್ಥವಿಲ್ಲದ ಪದ’ಗಳಲ್ಲಿ ಮೂರು ತುಳು ಪದ ಸೇರಿಬಿಟ್ಟಿವೆ, ರೆಕಾರ್ಡಿನಲ್ಲಿ ಏನು ಬರೆಯಲಿ?

ಬೈಂದೂರು_ಪಿಯು:
ನಾನು ಉಡುಪಿಯಲ್ಲಿ ಪ್ರಥಮ ಪಿಯುಸಿ ಆರ್ಟ್ಸ್, ಮನಃಶಾಸ್ತ್ರ ತೆಗೆದುಕೊಂಡಿದ್ದೇನೆ. ಊರು ಬೈಂದೂರು. ಇಲ್ಲಿ ಚಿಕ್ಕಮ್ಮನ ಮನೆಗೆ ಬಂದು ಮೂರು ತಿಂಗಳಾಯಿತು, ತುಳು ಬರುವುದಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ನೆನಪಿನ ಪ್ರಯೋಗ ಕೊಟ್ಟಿದ್ದರು. ಅರ್ಥವಿರುವ 12 ಪದ, ಅರ್ಥವಿಲ್ಲದ 12 ಪದ. ಒಂದೊಂದೇ ಚೀಟಿ ತೋರಿಸಿ, ಕೊನೆಗೆ ನೆನಪಿದ್ದಷ್ಟನ್ನು ಬರೆಸಬೇಕು. ಅರ್ಥವಿಲ್ಲದವನ್ನು ನಾನೇ ಮಾಡಿದೆ. ಒಂದು ಡಬ್ಬಿಯಲ್ಲಿ ವ್ಯಂಜನ, ಇನ್ನೊಂದರಲ್ಲಿ ಸ್ವರ, ಕಣ್ಣು ಮುಚ್ಚಿ ಎತ್ತಿ ಜೋಡಿಸಿದ್ದು. ಕನ್ನಡದಲ್ಲಿ ಅರ್ಥ ಬಂದದ್ದನ್ನೆಲ್ಲ ತೆಗೆದುಹಾಕಿದೆ. ಘೂಮೆ, ಝೇಕಿ, ಮೂಜಿ, ಬೇಲೆ, ತೂಲೆ, ಹೀಗೆ.

ಪಕ್ಕದ ಮನೆಯ ಅಕ್ಕನನ್ನು ಜಗಲಿಯಲ್ಲಿ ಕೂರಿಸಿ ಮಾಡಿದೆ. ಅರ್ಥವಿರುವುದರಲ್ಲಿ 9 ಬರೆದರು, ಅರ್ಥವಿಲ್ಲದ್ದರಲ್ಲಿ 7! ನನ್ನ ಗೆಳತಿಯರ ಸಬ್ಜೆಕ್ಟ್‌ಗಳಿಗೆಲ್ಲ (ಪ್ರಯೋಗಕ್ಕೆ ಕೂತವರಿಗೆ) 3, 4 ಬಂದದ್ದು. ಎಲ್ಲ ಮುಗಿದ ಮೇಲೆ ಅಕ್ಕ, ‘ಮೂಜಿ ಅಂದ್ರೆ ಮೂರು, ಬೇಲೆ ಅಂದ್ರೆ ಕೆಲಸ, ತೂಲೆ ಅಂದ್ರೆ ನೋಡಿ. ನೀನು ಬೇಕಂತಲೇ ತುಳು ಹಾಕಿದ್ದು ಅಂದ್ಕೊಂಡೆ’ ಅಂದರು. ಅವರು ಬರೆದ 7ರಲ್ಲಿ ಆ ಮೂರೂ ಇದ್ದವು. ನನಗೆ ಅಳುವೇ ಬಂತು.

ಹಳೇ ರೆಕಾರ್ಡ್ ನೋಡಿ 9 ಮತ್ತು 4 ಅಂತ ಹಾಕಿಬಿಡು ಅನ್ನುತ್ತಾರೆ ಕ್ಲಾಸಿನವರು. ಹಾಗೆ ಬರೆಯಲು ಮನಸ್ಸಿಲ್ಲ. ಆದರೆ ತಪ್ಪಾದ ಪ್ರಯೋಗಕ್ಕೆ ಅಂಕ ಕೊಡುತ್ತಾರಾ?

ಇನ್ನೊಂದು. ಸೈನ್ಸ್ ಇಲ್ಲದೆ ಇದರಲ್ಲಿ ಮುಂದೆ ಏನು ಆಗಲಿಕ್ಕುಂಟು ಅಂತ ಅಪ್ಪ ಪ್ರತಿ ಫೋನಿನಲ್ಲೂ ಕೇಳುತ್ತಾರೆ.

ಕದ್ರಿ_ಎಂಎಸ್ಸಿ:
ತಂಗೀ, 7ನ್ನು ದಯವಿಟ್ಟು ಅಳಿಸಬೇಡ. ಬಿಡಿಸಿ ನೋಡು. ಆ ಅಕ್ಕನಿಗೆ ಅರ್ಥವಿದ್ದ 3ರಲ್ಲಿ 3 ನೆನಪಾಗಿವೆ. ನಿಜಕ್ಕೂ ಅರ್ಥವಿಲ್ಲದ 9ರಲ್ಲಿ 4 ಮಾತ್ರ. ನೀನು ತೋರಿಸಬೇಕಾಗಿದ್ದದ್ದೂ ಇದೇ ಅಲ್ವಾ?

ಈ ಬಗೆಯ ಪದ ಮೊದಲು ಕಟ್ಟಿದ್ದು ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್. ಸುಮಾರು 2,300 ಇದ್ದವು, ಸಬ್ಜೆಕ್ಟ್ ಅವರೊಬ್ಬರೇ. 1885ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಈ ಪದಗಳೂ ಒಂದೇ ಸಮ ಇಲ್ಲ, ಕೆಲವು ಸುಲಭ ಕೆಲವು ಕಷ್ಟ ಎಂದು ಅವರೇ ಒಪ್ಪಿಕೊಂಡಿದ್ದರು. 1928ರಲ್ಲಿ ಗ್ಲೇಜ್ ಎಂಬವರು ಇಂಥ ಪದಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಯಾವುದಕ್ಕೆ ಎಷ್ಟು ಜನರಿಗೆ ಏನಾದರೂ ಹೊಳೆಯುತ್ತದೆ ಎಂದು ಎಣಿಸಿಯೇಬಿಟ್ಟರು. ನೀನು ಎಡವಿದ ಕಲ್ಲು ಹಳೆಯದೇ.

ಅಪ್ಪನಿಗೆ ಹೀಗೆ ಹೇಳು: ಔಷಧಿ ಬರೆಯುವ ಮನೋವೈದ್ಯರಾಗಲು ಎಂಬಿಬಿಎಸ್ ಬೇಕು, ಅದಕ್ಕೆ ಸೈನ್ಸ್ ಬೇಕೇ ಬೇಕು. ಮನಃಶಾಸ್ತ್ರಜ್ಞರಾಗುವ ದಾರಿ ಬೇರೆ. ಬಿಎ ಮಾಡಿಯೂ ಎಂಎ, ಎಂಎಸ್ಸಿಗೆ ಹೋಗಬಹುದು. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಎರಡೂ ಬೇಕು. ದಾರಿ ಉದ್ದ ಉಂಟು, ಅದನ್ನು ಮುಚ್ಚಿಡಬೇಡ. ನಾನು ಪಿಯುವಿನಲ್ಲಿ ಆರ್ಟ್ಸೇ.

ನಿವೃತ್ತ_ಉಪನ್ಯಾಸಕ:
ಮಗೂ, ಒಂದು ಪ್ರಶ್ನೆ. ಆ ಮೂರು ಪದಗಳು ಪಟ್ಟಿಯಲ್ಲಿ ಎಷ್ಟನೆಯವು? ಮೊದಲಿನ ಪದಗಳೂ ಕೊನೆಯ ಪದಗಳೂ ಯಾರಿಗಾದರೂ ಹೆಚ್ಚು ನೆನಪಿರುತ್ತವೆ. ಮರೆಯುವುದು ನಡುವಿನವು. ತುದಿಯಲ್ಲಿದ್ದರೆ ತುಳುವಿನಿಂದಲೇ ನೆನಪಾಯಿತು ಎನ್ನಲು ಬರುವುದಿಲ್ಲ.

ಅಂಕದ ಚಿಂತೆ ಬಿಡು. ಇಷ್ಟು ವರ್ಷ ರೆಕಾರ್ಡ್ ತಿದ್ದಿದ್ದೇನೆ, ಎಲ್ಲರದ್ದೂ ಒಂದೇ ಸಂಖ್ಯೆ ಬಂದಾಗ ನಮಗೆ ಗೊತ್ತಾಗದೆ ಇರುತ್ತದೆಯೇ? ಪದ್ಧತಿ ಎಂಬಲ್ಲಿ ಚೀಟಿ ಎತ್ತಿದ್ದನ್ನು ಬರಿ, ಸಬ್ಜೆಕ್ಟಿನ ಮನೆಮಾತು ತುಳು ಎಂದೂ ಬರಿ. ಚರ್ಚೆಯಲ್ಲಿ ಬಿಡಿಸಿ ತೋರಿಸು. ಸಬ್ಜೆಕ್ಟಿಗೆ ಬರುವ ಭಾಷೆಗಳನ್ನು ಮೊದಲೇ ಕೇಳಬೇಕಿತ್ತು ಎಂಬುದನ್ನು ಮಿತಿ ಎಂದು ಸೇರಿಸು. ತುಳು, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಬೀದಿಯಲ್ಲಿ ಕೇಳುವ ಜಿಲ್ಲೆ ನಮ್ಮದು. ಇಲ್ಲಿ ಆ ಪ್ರಶ್ನೆ ಕೇಳದೆ ಪಟ್ಟಿ ಮಾಡಲೇಬಾರದು. ಆಮೇಲೆ ಹೊಸ ಪಟ್ಟಿಯಿಂದ ಇನ್ನೊಬ್ಬರ ಮೇಲೆ ಮಾಡು. ಹಳೆಯದನ್ನು ಮಾತ್ರ ಹರಿಯಬೇಡ.

ಬೈಂದೂರು_ಪಿಯು:
ಸರ್, ಈಗಷ್ಟೇ ನೋಡಿದೆ. 5, 8 ಮತ್ತು 9ನೆಯವು! ಮೂರೂ ನಡುವಿನವೇ.

ಹೊಸ ಪಟ್ಟಿಯನ್ನು ಚಿಕ್ಕಮ್ಮನಿಗೆ ತೋರಿಸಿದೆ, ತುಳುವಿನ ಎರಡು ಹೊಡೆದರು. ಪಕ್ಕದ ಮನೆಯ ಅಕ್ಕ ಕೊಂಕಣಿಯ ಒಂದು ಹೊಡೆದರು. ಉಳಿದ 12ನ್ನು ನಾಳೆ ಚಿಕ್ಕಪ್ಪನ ಮೇಲೆ ಮಾಡುತ್ತೇನೆ. ಹಳೇ ಚೀಟಿಗಳನ್ನು ರೆಕಾರ್ಡಿನ ಎಡಪುಟಕ್ಕೆ ಅಂಟಿಸಿದ್ದೇನೆ. ಕದ್ರಿ ಅಕ್ಕಾ, ನಿಮ್ಮ ಉತ್ತರವನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಎಷ್ಟು ವರ್ಷ ಆಗ್ತದೆ ಅಂತ ಲೆಕ್ಕ ಹಾಕಿ ಹೇಳು’ ಅಂದರು.