ಪದಚರ್ಚೆ: ಯುಎಸ್‌ಬಿ ಕ್ಯಾಮೆರಾದ ‘ಹೈ ಸ್ಪೀಡ್’ಗೆ ‘ಅತಿವೇಗ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತುಮಕೂರು ಹತ್ತಿರ ವಸಂತನರಸಾಪುರದ ಒಂದು ಕಾರ್ಖಾನೆಗೆ ಕನ್ನಡದಲ್ಲಿ ಸೂಚನಾ ಹಾಳೆ ಬರೆದುಕೊಡುತ್ತಿದ್ದೇನೆ. ಬೆಲ್ಟ್ ಮೇಲೆ ಹೋಗುವ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ಅಲ್ಲಿ ಕ್ಯಾಮೆರಾ ನೋಡುತ್ತದೆ. ಚಿತ್ರ ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಹಾಳೆ ಓದುವವರು ಐಟಿಐ ಮುಗಿಸಿ ಲೈನಿಗೆ ಬಂದ ಹುಡುಗ ಹುಡುಗಿಯರು. ಮೂರ್ನಾಲ್ಕು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಹೈ ಸ್ಪೀಡ್’. ‘ಅತಿವೇಗ’ ಅಂತ ಬರೆದರೆ ಮುಗೀತಲ್ಲ ಅನ್ನಿಸಬಹುದು. ಆದರೆ ಯುಎಸ್‌ಬಿ ಲೋಕದಲ್ಲಿ ಅದು ಒಂದು ನಿರ್ದಿಷ್ಟ ದರಕ್ಕೆ ಇಟ್ಟ ಹೆಸರು. ಮೊದಲು ಸೆಕೆಂಡಿಗೆ 12 ಮೆಗಾಬಿಟ್ ದರಕ್ಕೆ ‘ಫುಲ್ ಸ್ಪೀಡ್’ ಅಂದರು. 2000ದಲ್ಲಿ ಯುಎಸ್‌ಬಿ 2.0 ಬಂದು 480 ಮೆಗಾಬಿಟ್ ಆಯಿತು, ಅದು ‘ಹೈ ಸ್ಪೀಡ್’. 2008ರಲ್ಲಿ 3.0 ಬಂದು 5 ಗಿಗಾಬಿಟ್ ಆದಾಗ ‘ಸೂಪರ್ ಸ್ಪೀಡ್’. ಹೆಸರಿಡುವವರಿಗೆ ಮುಂದಾಲೋಚನೆ ಇರಲಿಲ್ಲ ಬಿಡಿ. ಕಾರ್ಖಾನೆ ಕ್ಯಾಮೆರಾಗಳಿಗೆ ಬೇಕಾದದ್ದು ಈ ಕೊನೆಯದು. 2013ರಲ್ಲಿ ಬಂದ ‘ಯುಎಸ್‌ಬಿ3 ವಿಷನ್’ ಎಂಬ ಮಾನಕವೂ ಅದರ ಮೇಲೇ ನಿಂತಿದೆ. ಈಗ ನಾನು ‘ಅತಿವೇಗದ ಪೋರ್ಟಿಗೆ ಕೇಬಲ್ ಹಾಕಿ’ ಅಂತ ಬರೆದೆ ಅನ್ನಿ. ತಾಂತ್ರಿಕ ಹೆಸರು ಗೊತ್ತಿದ್ದವರು 480ರ ಪೋರ್ಟ್ ಹುಡುಕುತ್ತಾರೆ, ಗೊತ್ತಿಲ್ಲದವರು ಕೈಗೆ ಸಿಕ್ಕಿದ್ದಕ್ಕೆ ಹಾಕುತ್ತಾರೆ. ಹಾಗಾಗಿ ಹೆಸರುಗಳನ್ನು ಹಾಗೇ ಉಳಿಸಿ, ‘ಒಳಗೆ ನೀಲಿ ಬಣ್ಣ ಇರುವ ಪೋರ್ಟ್’ ಅಂತ ಬರೆದಿದ್ದೇನೆ. ಎಲ್ಲ ಕಂಪ್ಯೂಟರಿನಲ್ಲೂ ನೀಲಿ ಇರಬೇಕು ಅಂತಿಲ್ಲ, ಆದರೆ ಇಲ್ಲಿರುವುದರಲ್ಲಿ ಇದೆ. ಕ್ಯಾಮೆರಾ ಕಡೆ ಪ್ಲಗ್ಗಿಗೆ ಎರಡು ಪುಟ್ಟ ಸ್ಕ್ರೂ ಇವೆ. ಯಂತ್ರ ಅದುರಿದರೂ ಕೇಬಲ್ ಕಳಚದಿರಲಿ ಅಂತ. ಅದಕ್ಕೆ ‘ಸ್ಕ್ರೂ ಬಿಗಿ ಮಾಡಿ’ ಅಂದರೆ ಸಾಕು ಅಲ್ವಾ?

ಇನ್ನೊಂದು ತೊಡಕು ‘ವೇಗ’ದ್ದೇ. ಕೇಬಲ್‌ನಲ್ಲಿ ದತ್ತಾಂಶ ಹೋಗುವುದೂ ವೇಗ, ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದೂ ವೇಗ, ಶಟರ್‌ದೂ ವೇಗ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದರೆ, ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತು ಶಟರ್ ತೆರೆದರೂ ಬಾಟಲಿ ಅರ್ಧ ಮಿಲಿಮೀಟರ್ ಸರಿದಿರುತ್ತದೆ. ಚಿತ್ರ ಮಸುಕಾದರೆ ಕೇಬಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಆದರೆ ‘ವೇಗ ಸಾಲದು’ ಅಂತ ಬರೆದಿದ್ದರೆ ಪಾಪ ಅವರು ಕೇಬಲ್ಲೇ ಬದಲಾಯಿಸುತ್ತಾರೆ. ಸದ್ಯಕ್ಕೆ ‘ಸಾಗಣೆ ದರ’, ‘ಸೆಕೆಂಡಿಗೆ ಚಿತ್ರ’, ‘ಶಟರ್ ಹೊತ್ತು’ ಅಂತ ಬಿಡಿಸಿ ಬರೆದಿದ್ದೇನೆ. ‘ಸಾಗಣೆ’ ಅಂದರೆ ಲಾರಿ ನೆನಪಾಗುತ್ತದೆ ಅಂತ ಒಬ್ಬರ ಆಕ್ಷೇಪ. ನನಗೇನೂ ತೊಂದರೆ ಕಾಣಲಿಲ್ಲ.

ಬಿಟ್ ಮತ್ತು ಬೈಟ್ ಗೋಳು ಬೇರೆ. ಇಂಗ್ಲಿಷಿನಲ್ಲಿ ಸಣ್ಣಕ್ಷರ, ದೊಡ್ಡಕ್ಷರದಿಂದ ಬೇರೆ ಮಾಡುತ್ತಾರೆ. ನಮ್ಮಲ್ಲಿ ಎರಡೂ ‘ಎಂಬಿ’. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 5 ಗಿಗಾಬಿಟ್ ಅಂದರೆ ಎಂಟರಿಂದ ಭಾಗಿಸಿ 625 ಮೆಗಾಬೈಟ್ ಅನ್ನುತ್ತೇವೆ. ತಂತಿಯ ಮೇಲೆ ಪ್ರತಿ 8 ಬಿಟ್‌ಗೆ 10 ಬಿಟ್ ಕಳಿಸುವ ಪದ್ಧತಿಯಿಂದ ಅದು 500ಕ್ಕೆ ಇಳಿಯುತ್ತದೆ. ಕೈಗೆ ಸಿಗುವುದು ಸುಮಾರು 350ರಿಂದ 400. 5 ಮೆಗಾಪಿಕ್ಸೆಲ್‌ನ ಕಪ್ಪು ಬಿಳುಪು ಚಿತ್ರ, ಪಿಕ್ಸೆಲ್‌ಗೆ ಒಂದು ಬೈಟ್ ಆದರೆ, ಸೆಕೆಂಡಿಗೆ 70ರ ಆಸುಪಾಸು. ಅದನ್ನೇ 2.0 ಪೋರ್ಟಿಗೆ ಹಾಕಿದರೆ ಏಳೆಂಟು! ಇಲ್ಲಿ ಸಂಕ್ಷೇಪ ಬೇಡವೇ ಬೇಡ, ಪೂರ್ತಿ ಬರೆಯೋಣ ಅನ್ನುವುದು ನನ್ನ ನಿಲುವು.

ಕೊನೆಗೆ ‘ಬಫರ್ ಓವರ್‌ಫ್ಲೋ’. ಬಫರ್ ಅಂದರೆ ಬಂದ ಚಿತ್ರಗಳು ಸ್ವಲ್ಪ ಹೊತ್ತು ಕಾಯುವ ಮೆಮೊರಿ ಜಾಗ. ಬಂದ ಚಿತ್ರಗಳನ್ನು ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಬಫರ್ ತುಂಬಿ, ಮುಂದಿನ ಚಿತ್ರಕ್ಕೆ ಜಾಗ ಇರುವುದಿಲ್ಲ. ಲೈನಿನಲ್ಲಿ ‘ಫ್ರೇಮ್ ಹಾರೋಯ್ತು’ ಅನ್ನುತ್ತಾರೆ, ಅದನ್ನು ಹಾಗೇ ತೆಗೆದುಕೊಂಡೆ. ಬಫರ್‌ಗೆ ಮಾತ್ರ ನಮ್ಮ ಕೆರೆಗಳ ಮಾತು ಹಿಡಿದು ‘ಕೋಡಿ ಬಿತ್ತು’ ಅಂತ ಬರೆದೆ. ಸೂಪರ್‌ವೈಸರ್ ನಕ್ಕುಬಿಟ್ಟರು: “ಕೋಡಿ ಬಿದ್ರೆ ಬಾಗಿನ ಕೊಡ್ತಾರೆ ಸಾರ್. ಇಲ್ಲಿ ಬೈಗುಳ ಬೀಳುತ್ತೆ.” ಮಾತು ನಿಜ. ಆದರೂ ಓದಿದ ಕೂಡಲೇ ಅರ್ಥ ಆಗುತ್ತದೆ ಅನ್ನುವ ಆಸೆ ನನಗೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಓದಿದರೆ ಹೇಗೆ ಕೇಳಿಸುತ್ತದೆ? ‘ಬಫರ್ ತುಂಬಿತು’ ಅನ್ನುವುದೇ ಸಾಕಾ? ಕಾರ್ಖಾನೆಯಲ್ಲೋ ಕಾಲೇಜಿನ ಸೂಕ್ಷ್ಮದರ್ಶಕದ ಕ್ಯಾಮೆರಾ ಜೊತೆಗೋ ಕೆಲಸ ಮಾಡುವವರಿದ್ದರೆ, ನಿಮ್ಮಲ್ಲಿ ಬಾಯಿಗೆ ಬರುವ ಮಾತನ್ನೇ ತಿಳಿಸಿ.