ಆ ರೈಲಿನ ಕಾಳಗ ಇಂದಿಗೂ ಏಕೆ ಹಿಡಿದು ಕೂರಿಸುತ್ತದೆ?

ಪ್ರಶ್ನೆ: ಬೆಳ್ಳಿತೆರೆ_ಪ್ರಿಯ

ಸೂಪರ್‌ಹೀರೋ ಚಿತ್ರಗಳನ್ನು ಚಿಕ್ಕಂದಿನಿಂದಲೂ ಬಿಡದೆ ನೋಡುತ್ತ ಬಂದವನು ನಾನು. ಈಚೆಗೆ ಅಕ್ಕನ ಮಗನ ಜೊತೆ ಕುಳಿತು 2004ರ ‘ಸ್ಪೈಡರ್-ಮ್ಯಾನ್ 2’ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಆರನೆಯ ತರಗತಿಯ ಆ ಹುಡುಗನಿಗೆ ‘ಅವೆಂಜರ್ಸ್’ ಸರಣಿಯ ಪಾತ್ರಗಳೆಲ್ಲ ಬಾಯಿಪಾಠ. ತಾನು ಹುಟ್ಟುವ ಮೊದಲೇ ಬಂದ ಚಿತ್ರವೆಂದು ಅವನು ಆರಂಭದಲ್ಲಿ ಅಷ್ಟು ಆಸಕ್ತಿ ತೋರಲಿಲ್ಲ. ಆದರೆ ಖಳನಾಯಕ ಡಾಕ್ಟರ್ ಆಕ್ಟೋಪಸ್ ಮತ್ತು ಸ್ಪೈಡರ್-ಮ್ಯಾನ್ ಇಬ್ಬರೂ ಗಡಿಯಾರದ ಗೋಪುರದಿಂದ ಓಡುವ ರೈಲಿನ ಮೇಲೆ ಬೀಳುವ ಹೊತ್ತಿಗೆ ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿ ಕುಳಿತಿದ್ದ. ರೈಲು ನಿಂತ ಮೇಲೆಯೇ ಅವನು ನನ್ನ ಕಡೆ ತಿರುಗಿದ್ದು.

ನನಗೆ ಆ ದೃಶ್ಯ ಇಷ್ಟವಾಗುವುದಕ್ಕೆ ಹಳೆಯ ನೆನಪಿನ ಮೋಹವೇ ಕಾರಣ ಎಂದು ಯಾರಾದರೂ ಹೇಳಬಹುದು. ಆದರೆ ಆ ಹುಡುಗನಿಗೆ ಅಂಥ ನೆನಪೇ ಇಲ್ಲವಲ್ಲ. ಈಚಿನ ಚಿತ್ರಗಳಲ್ಲಿ ಇಡೀ ನಗರಗಳು ನೆಲಕ್ಕುರುಳುತ್ತವೆ, ಗ್ರಹಗಳೇ ಸಿಡಿದುಹೋಗುತ್ತವೆ. ಅವುಗಳನ್ನೂ ನಾನು ಸಂತೋಷದಿಂದಲೇ ನೋಡುತ್ತೇನೆ. ಆದರೂ ಒಂದು ರೈಲು ನಿಲ್ಲುತ್ತದೆಯೋ ಇಲ್ಲವೋ ಎಂಬಷ್ಟು ಆತಂಕ ಅವುಗಳಲ್ಲಿ ಅಪರೂಪವಾಗಿ ಹುಟ್ಟುತ್ತದೆ. ಇದು ಗ್ರಾಫಿಕ್ಸ್‌ಗೆ ಸಂಬಂಧಿಸಿದ್ದೇ, ಕಥೆಗೆ ಸಂಬಂಧಿಸಿದ್ದೇ? ಅವನಿಗೆ ಮುಂದೆ ಯಾವ ಚಿತ್ರ ತೋರಿಸಿದರೆ ಇದೇ ಸುಖ ಸಿಕ್ಕೀತು ಎಂಬುದನ್ನೂ ತಿಳಿಸಿ.

ಉತ್ತರ: ಪ್ರೊಜೆಕ್ಟರ್_ಕೋಣೆ

ಭಾರ ಎಂಬುದೇ ನನ್ನ ಉತ್ತರ. ಆ ಚಿತ್ರದಲ್ಲಿ ಪ್ರತಿಯೊಂದಕ್ಕೂ ತೂಕವಿದೆ, ಆ ತೂಕ ನೋಡುವವರ ಮೈಗೂ ತಾಗುತ್ತದೆ.

ಡಾಕ್ಟರ್ ಆಕ್ಟೋಪಸ್‌ನ ಲೋಹದ ತೋಳುಗಳನ್ನೇ ತೆಗೆದುಕೊಳ್ಳಿ. ವೇಗದ ಕಾಳಗಗಳಲ್ಲಿ ಅವು ಕಂಪ್ಯೂಟರಿನಲ್ಲಿ ಮೂಡಿದವು ನಿಜ. ಆದರೆ ಹತ್ತಿರದ ಶಾಟ್‌ಗಳಲ್ಲಿ ಅವು ನಿಜವಾಗಿ ತಯಾರಿಸಿದ ತೋಳುಗಳಾಗಿದ್ದು, ಕ್ಯಾಮೆರಾಕ್ಕೆ ಕಾಣದಂತೆ ನಿಂತ ಕಲಾವಿದರ ತಂಡವೊಂದು ಅವುಗಳನ್ನು ಗೊಂಬೆಯಾಡಿಸುವಂತೆ ಆಡಿಸುತ್ತಿತ್ತು. ನಟ ಆಲ್ಫ್ರೆಡ್ ಮೊಲಿನಾ ಆ ನಾಲ್ಕು ತೋಳುಗಳಿಗೆ ಲ್ಯಾರಿ, ಹ್ಯಾರಿ, ಮೋ, ಫ್ಲೋ ಎಂದು ಹೆಸರಿಟ್ಟು ಸಹನಟರೆಂಬಂತೆ ಕಾಣುತ್ತಿದ್ದರು. ಬೆನ್ನಿನ ಮೇಲೆ ನಿಜವಾದ ಹೊರೆ ಹೊತ್ತ ನಟನ ಭುಜ ಬಾಗುವ ರೀತಿಯೇ ಬೇರೆ. ತೋಳೊಂದು ಅವನ ಮುಖದ ಹತ್ತಿರ ಬಂದಾಗ ಅವನ ಕಣ್ಣು ಅದನ್ನು ಹಿಂಬಾಲಿಸುವುದೂ ಬೇರೆ, ಏಕೆಂದರೆ ಅಲ್ಲಿ ನೋಡಲು ಒಂದು ವಸ್ತುವಿದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ತೋಳುಗಳು ಎಳೆದೊಯ್ಯುವ ದಾದಿಯ ಉಗುರುಗಳು ನೆಲವನ್ನು ಗೀರುತ್ತ ಹೋಗುತ್ತವೆ. ನಿರ್ದೇಶಕ ಸ್ಯಾಮ್ ರೈಮಿ ಭಯಾನಕ ಚಿತ್ರಗಳಲ್ಲಿ ಪಳಗಿದವರು ಎಂಬುದು ಆ ಒಂದೇ ಶಾಟ್‌ನಿಂದ ಗೊತ್ತಾಗುತ್ತದೆ.

ಇನ್ನು ರೈಲು. ಅದರ ಹಲವು ಭಾಗಗಳನ್ನು ಶಿಕಾಗೋದ ಎತ್ತರದ ಹಳಿಗಳ ಮೇಲೆ ಚಿತ್ರೀಕರಿಸಿದ್ದರಿಂದ ಬೋಗಿಯ ಪಕ್ಕದಲ್ಲಿ ಸರಿದುಹೋಗುವ ಕಟ್ಟಡಗಳಿಗೂ ಹಳಿಯ ಕಂಬಗಳಿಗೂ ಒಂದು ಗಟ್ಟಿತನವಿದೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಆ ದೃಶ್ಯ ಕಟ್ಟಿದ ಕ್ರಮ. ನಾಯಕ ಮೊದಲು ತನ್ನ ಕಾಲುಗಳನ್ನೇ ಹಳಿಯ ಅಡ್ಡದಿಮ್ಮಿಗಳಿಗೆ ಒಡ್ಡುತ್ತಾನೆ. ದಿಮ್ಮಿಗಳು ಒಂದೊಂದಾಗಿ ಮುರಿದು ಹಾರುತ್ತವೆ, ರೈಲು ನಿಲ್ಲುವುದಿಲ್ಲ. ಆಮೇಲೆ ಎರಡೂ ಕಡೆಯ ಕಟ್ಟಡಗಳಿಗೆ ಬಲೆಯ ಎಳೆಗಳನ್ನು ಎಸೆಯುತ್ತಾನೆ. ಎಳೆಗಳ ಜೊತೆ ಗೋಡೆಯ ತುಂಡುಗಳೇ ಕಿತ್ತು ಬರುತ್ತವೆ. ಮತ್ತಷ್ಟು ಎಳೆಗಳನ್ನು ಎಸೆದು ಎರಡೂ ಕೈಗಳಿಂದ ಹಿಡಿದುಕೊಂಡಾಗ ತೋಳುಗಳು ಕಿತ್ತುಹೋಗುವಂತೆ ಹಿಗ್ಗುತ್ತವೆ, ಎದೆಯ ಮೇಲಿನ ಬಟ್ಟೆ ಹರಿಯುತ್ತದೆ. ನಮ್ಮ ಊರುಗಳ ರಥೋತ್ಸವದಲ್ಲಿ ಉರುಳಿ ಬರುವ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವವರನ್ನು ಹತ್ತಿರದಿಂದ ಕಂಡವರಿಗೆ, ಚಲಿಸುವ ಭಾರವನ್ನು ತಡೆಯುವುದೆಂದರೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಆ ಚಿತ್ರಕ್ಕೆ ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲಿ ಆಸ್ಕರ್ ಬಂದದ್ದು ಸರಿಯಾಗಿಯೇ ಇದೆ.

ಉತ್ತರ: ತುಂಗಾತೀರ

ಪ್ರೊಜೆಕ್ಟರ್ ಕೋಣೆಯವರು ತಂತ್ರವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಆದರೂ ನನ್ನ ಅಭಿಪ್ರಾಯದಲ್ಲಿ ಆ ಭಾರ ಹುಟ್ಟುವುದು ರೈಲಿನಲ್ಲಲ್ಲ, ಅದಕ್ಕೂ ಮೊದಲಿನ ಕಥೆಯಲ್ಲಿ.

ಸ್ಪೈಡರ್-ಮ್ಯಾನ್ ವೇಷದ ಹಿಂದಿರುವ ಹುಡುಗ ಪೀಟರ್ ಪಾರ್ಕರ್ ಚಿತ್ರದ ಆರಂಭದಲ್ಲೇ ಪಿಜ್ಜಾ ತಲುಪಿಸುವ ಕೆಲಸ ಕಳೆದುಕೊಳ್ಳುತ್ತಾನೆ. ಕೋಣೆಯ ಬಾಡಿಗೆ ಕಟ್ಟಲು ಅವನಲ್ಲಿ ಹಣವಿಲ್ಲ. ನಾಯಕನ ಉಡುಪನ್ನು ತೊಳೆಯಲು ಹಾಕಿದರೆ ಅದರ ಬಣ್ಣ ಉಳಿದ ಬಟ್ಟೆಗಳಿಗೆಲ್ಲ ಹತ್ತುತ್ತದೆ. ಶಕ್ತಿ ಕೈಕೊಟ್ಟ ದಿನ ಗೋಡೆ ಹತ್ತಲಾಗದೆ ಪೂರ್ತಿ ವೇಷದಲ್ಲೇ ಲಿಫ್ಟಿನೊಳಗೆ ನಿಲ್ಲುತ್ತಾನೆ. ಪಕ್ಕದಲ್ಲಿ ನಿಂತ ಅಪರಿಚಿತನೊಬ್ಬ ಆ ಉಡುಪನ್ನು ಮೆಚ್ಚಿದಾಗ, ಅದು ಮೈಗೆ ತುರಿಸುತ್ತದೆ ಎಂದು ಸಣ್ಣ ಧ್ವನಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಇಷ್ಟೆಲ್ಲವನ್ನೂ ನಿಧಾನವಾಗಿ ತೋರಿಸಿದ ಮೇಲೆಯೇ ಚಿತ್ರ ಅವನನ್ನು ರೈಲಿನ ಮುಂದೆ ನಿಲ್ಲಿಸುತ್ತದೆ. ಈ ಶಕ್ತಿ ಒಮ್ಮೆ ಬಿಟ್ಟುಹೋಗಿತ್ತು, ಮತ್ತೆಯೂ ಬಿಟ್ಟುಹೋದೀತು ಎಂಬುದು ನಮಗೆ ಗೊತ್ತಿರುವುದರಿಂದಲೇ ಹೆದರುತ್ತೇವೆ. ಸೋಲುವ ಸಾಧ್ಯತೆಯನ್ನು ಮೊದಲೇ ನಂಬಿಸದ ಚಿತ್ರ ಎಷ್ಟು ಗ್ರಹಗಳನ್ನು ಸಿಡಿಸಿದರೂ ನನಗೆ ಅದು ದೀಪಾವಳಿಯ ಸಡಗರದಂತೆ ಖುಷಿ ಕೊಡುತ್ತದೆಯೇ ಹೊರತು ಆತಂಕವನ್ನಲ್ಲ.

ರೈಲು ನಿಂತ ಮೇಲಿನ ಭಾಗವನ್ನು ಇಲ್ಲಿ ಯಾರೂ ಇನ್ನೂ ಪ್ರಸ್ತಾಪಿಸಿಲ್ಲ. ಅವನ ಮುಖವಾಡ ಆಗಲೇ ಕಳಚಿದೆ. ಪ್ರಜ್ಞೆ ತಪ್ಪಿ ಮುಂದಕ್ಕೆ ಬೀಳುವಷ್ಟರಲ್ಲಿ ಒಳಗಿನ ಪ್ರಯಾಣಿಕರು ಕೈಚಾಚಿ ಅವನನ್ನು ಹಿಡಿದು, ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಬೋಗಿಯ ನೆಲದ ಮೇಲೆ ಮಲಗಿಸುತ್ತಾರೆ. ಇಷ್ಟು ಚಿಕ್ಕ ಹುಡುಗನೇ ಎಂದು ಅವರಿಗೆ ಆಶ್ಚರ್ಯವಾಗುತ್ತದೆ. ಇಬ್ಬರು ಬಾಲಕರು ಮುಖವಾಡವನ್ನು ತಂದುಕೊಟ್ಟು ಗುಟ್ಟು ಬಿಡುವುದಿಲ್ಲವೆಂದು ಮಾತು ಕೊಡುತ್ತಾರೆ. ಖಳನಾಯಕ ಮತ್ತೆ ಬಂದಾಗ ಆ ಸಾಮಾನ್ಯ ಜನರೇ ಅಡ್ಡ ನಿಲ್ಲುತ್ತಾರೆ. ಅವರಿಂದ ಅವನನ್ನು ತಡೆಯಲಾಗುವುದಿಲ್ಲ, ಅದು ಅವರಿಗೂ ಗೊತ್ತು. ಸೂಪರ್‌ಹೀರೋ ಚಿತ್ರಗಳಲ್ಲಿ ಜನರು ಎಂದರೆ ಓಡಿಹೋಗುವ ಗುಂಪು ಮಾತ್ರ ಎಂಬ ರೂಢಿಯನ್ನು ಈ ದೃಶ್ಯ ಮುರಿಯುತ್ತದೆ. ನನಗೆ ಪ್ರತಿ ಸಲವೂ ಗಂಟಲು ಕಟ್ಟುವುದು ಇಲ್ಲಿಯೇ.

ಉತ್ತರ: ಚುಕ್ಕಿಗೆರೆ

ಮೊದಲ ಉತ್ತರದ ಬಗ್ಗೆ ಒಂದು ಮಾತು. ನಿಜವಾದ ವಸ್ತುವಿದ್ದರೆ ಮಾತ್ರ ಭಾರ ಬರುತ್ತದೆ ಎಂಬ ಅರ್ಥ ಅದರಿಂದ ಹೊರಡುವುದಾದರೆ ಅದನ್ನು ನಾನು ಒಪ್ಪುವುದಿಲ್ಲ. 2018ರ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಎಲ್ಲವೂ ಕಂಪ್ಯೂಟರಿನಲ್ಲಿ ಹುಟ್ಟಿದ ಅನಿಮೇಷನ್, ಆದರೂ ಅಲ್ಲಿ ದೇಹದ ತೂಕ ಸ್ಪಷ್ಟವಾಗಿ ತಿಳಿಯುತ್ತದೆ. ಕಾಡಿನಲ್ಲಿ ಬಲೆ ಎಸೆಯುತ್ತ ಓಡುವ ದೃಶ್ಯದಲ್ಲಿ ಅನುಭವಿ ಪೀಟರ್‌ನ ಭಂಗಿ ಸೆಕೆಂಡಿಗೆ 24 ಸಲ ಬದಲಾದರೆ, ಹೊಸಬನಾದ ಮೈಲ್ಸ್‌ನ ಭಂಗಿ 12 ಸಲ ಮಾತ್ರ ಬದಲಾಗುತ್ತದೆ. ಒಬ್ಬನ ಚಲನೆ ನಯವಾಗಿದೆ, ಇನ್ನೊಬ್ಬನದು ತಡವರಿಸುತ್ತದೆ. ಕಾರಣ ತಿಳಿಯದಿದ್ದರೂ ಈ ಹುಡುಗನಿಗೆ ಇನ್ನೂ ಬರುವುದಿಲ್ಲ ಎಂದು ನೋಡುವವರಿಗೆ ಅನಿಸಿಬಿಡುತ್ತದೆ. ಮುಂದೆ ಅವನು ಎತ್ತರದ ಕಟ್ಟಡದಿಂದ ಹಾರುವಾಗ ಬೆರಳುಗಳು ಗಾಜಿಗೆ ಅಂಟಿಕೊಂಡೇ ಇರುತ್ತವೆ, ಗಾಜು ಒಡೆದು ಬೆರಳಿನ ಜೊತೆಯೇ ಬರುತ್ತದೆ. ಹಾರಿದವನಿಗೆ ಭಯ ಇನ್ನೂ ಹೋಗಿಲ್ಲ ಎಂಬುದನ್ನು ಮಾತಿಲ್ಲದೆ ಹೇಳಿದ ರೀತಿ ಅದು.

ಹುಡುಗನಿಗೆ ಇದನ್ನೇ ಮುಂದಿನ ಚಿತ್ರವಾಗಿ ತೋರಿಸಿ. ಇದರ ಮುಂದಿನ ಭಾಗ ‘ಅಕ್ರಾಸ್ ದ ಸ್ಪೈಡರ್-ವರ್ಸ್’ 2023ರಲ್ಲಿ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ನಮ್ಮ ಮಕ್ಕಳು ಇಂಥ ನಾಯಕರ ಮಾತನ್ನು ಕನ್ನಡದಲ್ಲಿ ಕೇಳುವುದು ನನಗೆ ಬಹಳ ಸಂತೋಷದ ಸಂಗತಿ. ಆ ಅವಕಾಶ ಇನ್ನಷ್ಟು ಚಿತ್ರಗಳಿಗೆ ಸಿಗಬೇಕು.

ಮರುಪ್ರಶ್ನೆ: ಬೆಳ್ಳಿತೆರೆ_ಪ್ರಿಯ

ಎಲ್ಲರಿಗೂ ಧನ್ಯವಾದಗಳು. ತುಂಗಾತೀರ ಅವರು ಹೇಳಿದ ಲಿಫ್ಟಿನ ದೃಶ್ಯಕ್ಕೆ ನಮ್ಮ ಹುಡುಗ ಬಿದ್ದು ಬಿದ್ದು ನಕ್ಕಿದ್ದ. ರೈಲಿನ ದೃಶ್ಯಕ್ಕೆ ಅದೇ ಪೀಠಿಕೆ ಎಂಬುದು ಈಗ ಓದಿದಾಗ ಸರಿಯೆನಿಸುತ್ತಿದೆ. ಸ್ಪೈಡರ್-ವರ್ಸ್ ಖಂಡಿತ ತೋರಿಸುತ್ತೇನೆ. ಇನ್ನೂ ಹಿಂದಕ್ಕೆ ಹೋಗಿ 1978ರ ‘ಸೂಪರ್‌ಮ್ಯಾನ್’ ತೋರಿಸಬಹುದೇ? ಈಗಿನ ಮಕ್ಕಳಿಗೆ ಅದು ಹಿಡಿಸೀತೇ?

ಉತ್ತರ: ಪ್ರೊಜೆಕ್ಟರ್_ಕೋಣೆ

ಧಾರಾಳವಾಗಿ ತೋರಿಸಿ, ಆದರೆ ಸ್ವಲ್ಪ ಸಿದ್ಧತೆಯೊಂದಿಗೆ. ಚಿತ್ರ 143 ನಿಮಿಷಗಳಷ್ಟಿದೆ. ಹೆಲಿಕಾಪ್ಟರ್ ಪ್ರಸಂಗಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಕಾಯಬೇಕು. ಎರಡು ಸಂಜೆಗಳಿಗೆ ಹಂಚಿಕೊಂಡರೆ, ಸೂಪರ್‌ಮ್ಯಾನ್ ಬೀಳುತ್ತಿರುವ ಪತ್ರಕರ್ತೆ ಲೋಯಿಸ್‌ಳನ್ನು ಒಂದು ತೋಳಿನಲ್ಲೂ ಮೇಲಿನಿಂದ ಬರುವ ಹೆಲಿಕಾಪ್ಟರನ್ನು ಇನ್ನೊಂದು ಕೈಯಲ್ಲೂ ಹಿಡಿಯುವಲ್ಲಿಗೆ ಮೊದಲ ಸಂಜೆ ನಿಲ್ಲಿಸಬಹುದು.

ಹಾರಾಟದ ಗುಟ್ಟನ್ನು ಚಿತ್ರ ಮುಗಿದ ಮೇಲೆ ಅವನಿಗೆ ಹೇಳಿ. ಜೋರಾನ್ ಪೆರಿಸಿಚ್ ಎಂಬ ತಂತ್ರಜ್ಞರು ಕ್ಯಾಮೆರಾ ಮತ್ತು ಹಿನ್ನೆಲೆಯನ್ನು ಮೂಡಿಸುವ ಪ್ರೊಜೆಕ್ಟರ್ ಎರಡಕ್ಕೂ ಜೂಮ್ ಲೆನ್ಸ್ ಅಳವಡಿಸಿ ಅವು ಒಟ್ಟಿಗೇ ಚಲಿಸುವಂತೆ ಜೋಡಿಸಿದ್ದರು. ಹಾಗಾಗಿ ಹಿನ್ನೆಲೆಯ ಆಕಾಶ ಇದ್ದ ಹಾಗೆಯೇ ಇದ್ದು, ನಟ ಮಾತ್ರ ನಮ್ಮ ಹತ್ತಿರಕ್ಕೆ ಬಂದಂತೆಯೂ ದೂರ ಹೋದಂತೆಯೂ ಕಾಣುತ್ತಾನೆ. ಸೂಪರ್‌ಮ್ಯಾನ್ ಪಾತ್ರಧಾರಿ ಕ್ರಿಸ್ಟೋಫರ್ ರೀವ್ ಸ್ವತಃ ವಿಮಾನ ಹಾರಿಸಬಲ್ಲವರಾಗಿದ್ದರು. ತಿರುವಿನಲ್ಲಿ ಅವರ ದೇಹ ವಾಲುವುದನ್ನು ಗಮನಿಸಿದರೆ ಅದು ತಿಳಿಯುತ್ತದೆ.

ಚುಕ್ಕಿಗೆರೆ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದಕ್ಕೆ ಈ ಚಿತ್ರದಲ್ಲೇ ಸಾಕ್ಷಿಯಿದೆ. ಲೋಯಿಸ್‌ಳ ಮನೆಯಲ್ಲಿ ಕ್ಲಾರ್ಕ್ (ಸೂಪರ್‌ಮ್ಯಾನ್ ಸಾಮಾನ್ಯನಂತೆ ಬದುಕುವಾಗಿನ ಹೆಸರು) ಒಬ್ಬನೇ ನಿಂತಿರುವಾಗ ನಿಜ ಹೇಳಿಬಿಡಬೇಕೆಂದು ಕನ್ನಡಕ ತೆಗೆಯುತ್ತಾನೆ. ಗೂನು ಬೆನ್ನು ನೆಟ್ಟಗಾಗುತ್ತದೆ, ಎದೆ ಅಗಲವಾಗುತ್ತದೆ, ಧ್ವನಿ ಇಳಿದು ಗಟ್ಟಿಯಾಗುತ್ತದೆ. ಮರುಕ್ಷಣ ಧೈರ್ಯ ಸಾಲದೆ ಕನ್ನಡಕ ಹಾಕಿಕೊಂಡು ಮತ್ತೆ ಕುಗ್ಗುತ್ತಾನೆ. ಅಲ್ಲಿ ಗ್ರಾಫಿಕ್ಸ್ ಇಲ್ಲ, ಉಡುಪೂ ಬದಲಾಗಿಲ್ಲ. ಇರುವುದು ನಟನ ಬೆನ್ನು, ಭುಜ, ಧ್ವನಿ ಮಾತ್ರ. ಆ ಜಾಗದಲ್ಲಿ ನೀವು ಏನನ್ನೂ ಹೇಳಬೇಡಿ, ಹುಡುಗ ತಾನಾಗಿ ಗುರುತಿಸುತ್ತಾನೆಯೇ ನೋಡಿ. ಗುರುತಿಸಿದರೆ ಇಲ್ಲಿ ಬಂದು ತಿಳಿಸಿ.