ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಲ್ಲಿಂದ ಕಲಿಯೋದು? ನಮ್ಮ ಅನುಭವ

ಪ್ರಶ್ನೆ: ತಂಗಿ ಡಿಪ್ಲೊಮಾ ಸಿವಿಲ್ ಸೇರಿದ್ದಾಳೆ. ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಕೊಡಿಸಿದ್ದೇವೆ. ಕೂಡೋದು, ಕಳೆಯೋದು ಬಿಟ್ಟರೆ ಬೇರೆ ಬಟನ್ ಮುಟ್ಟೋಕೆ ಹೆದರುತ್ತಾಳೆ. ಬಳಸಿ ಗೊತ್ತಿರುವವರು ಹೇಳಿ.

ಸರ್ವೆ ಕೆಲಸದಲ್ಲಿರುವವರ ಉತ್ತರ:
ಮೊದಲು ಕಲಿಯಬೇಕಾದ್ದು ಒಂದೇ. ಕೈಗೆ ತಗೊಂಡ ಕೂಡಲೇ ಸೈನ್ 30 ಒತ್ತಿ ನೋಡಲಿ. 0.5 ಬರಬೇಕು. ಭಿನ್ನರಾಶಿಯಲ್ಲಿ 1/2 ಅಂತ ತೋರಿಸಿದರೂ ಸರಿಯೇ, ಎಸ್-ಡಿ ಬಟನ್ ಒತ್ತಿದರೆ ದಶಮಾಂಶ ಆಗುತ್ತದೆ. ಬೇರೆ ಏನಾದರೂ ಬಂದರೆ ಡಿಗ್ರಿಯಲ್ಲಿ ಇಲ್ಲ ಅಂತ ಅರ್ಥ. ಶಿಫ್ಟ್, ಮೋಡ್, 3 ಒತ್ತಿದರೆ ಡಿಗ್ರಿಗೆ ಬರುತ್ತದೆ.

ನಾನು ಓದುವಾಗ ಪ್ರಾಕ್ಟಿಕಲ್‌ನಲ್ಲಿ ನೀರಿನ ಟ್ಯಾಂಕಿನ ಎತ್ತರ ತೆಗೆಯಬೇಕಿತ್ತು. ದೂರ 20 ಮೀಟರ್, ಕೋನ 30 ಡಿಗ್ರಿ. 20 × ಟ್ಯಾನ್ 30 ಅಂದರೆ 11.55 ಮೀಟರ್ ಬರಬೇಕು. ನನಗೆ 10.19 ಬಂತು. ಹಿಂದಿನ ದಿನ ಕ್ಯಾಲ್ಕುಲೇಟರ್ ತಗೊಂಡು ಹೋಗಿದ್ದ ಗೆಳೆಯ ಅದನ್ನು ಗ್ರೇಡಿಯನ್‌ನಲ್ಲಿ (ಲಂಬಕೋನಕ್ಕೆ 90ರ ಬದಲು 100 ಅನ್ನುವ ಅಳತೆ) ಬಿಟ್ಟಿದ್ದ. ಕೋನದ ಇನ್ನೊಂದು ಅಳತೆ ರೇಡಿಯನ್‌ನಲ್ಲಿ ಇದ್ದಿದ್ದರೆ ಮೈನಸ್ 128 ಬರುತ್ತಿತ್ತು, ಅಲ್ಲೇ ಗೊತ್ತಾಗುತ್ತಿತ್ತು. 10.19 ನೋಡಿದರೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಹಾಗೇ ಬರೆದುಕೊಟ್ಟೆ, ಮಾರ್ಕ್ಸ್ ಹೋಯಿತು. ಅವತ್ತಿಂದ ಸೈನ್ 30 ನೋಡದೆ ಲೆಕ್ಕ ಶುರು ಮಾಡಿಲ್ಲ.

ಸಿವಿಲ್ ಅಂದಮೇಲೆ ಡಿಗ್ರಿ-ಮಿನಿಟ್-ಸೆಕೆಂಡ್ ಬಟನ್ ಬೇಕೇ ಬೇಕು. ಕೋನ ಅಳೆಯುವ ಉಪಕರಣ ಥಿಯೋಡೊಲೈಟ್‌ನಲ್ಲಿ 47° 25' 40" ಅಂತ ಓದಿದರೆ ಹೊಸಬರು 47.2540 ಅಂತ ಹೊಡೆಯುತ್ತಾರೆ. ಅದು ತಪ್ಪು, ಮಿನಿಟ್‌ಗಳು 60ರ ಲೆಕ್ಕ ಅಲ್ವಾ? 47, ಆ ಬಟನ್, 25, ಮತ್ತೆ ಅದೇ ಬಟನ್, 40, ಮತ್ತೊಮ್ಮೆ, ಆಮೇಲೆ ಈಕ್ವಲ್. ಉತ್ತರ ಬಂದ ಮೇಲೆ ಅದೇ ಬಟನ್ ಒತ್ತಿದರೆ 47.4278 ಅಂತ ದಶಮಾಂಶದಲ್ಲೂ ಸಿಗುತ್ತದೆ.

ಎಲೆಕ್ಟ್ರಿಕಲ್ ಓದಿದವರ ಉತ್ತರ:
ಕೆಳಗಡೆ ಇರುವ ×10 ಬಟನ್ ಬಗ್ಗೆ ಯಾರೂ ಹೇಳಿಕೊಡಲ್ಲ. 1 ÷ 2×10³ ಅನ್ನು ಗುಣಿಸು ಚಿಹ್ನೆ, 10, ಘಾತ ಅಂತ ಬಿಡಿಬಿಡಿಯಾಗಿ ಹೊಡೆದರೆ 500 ಬರುತ್ತದೆ. ಯಾಕಂದರೆ ಅದು ಮೊದಲು 1 ÷ 2 ಮಾಡಿ ಆಮೇಲೆ 1000ದಿಂದ ಗುಣಿಸುತ್ತದೆ. 2 ಆದಮೇಲೆ ಆ ಬಟನ್, ಆಮೇಲೆ 3 ಒತ್ತಿದರೆ 2000 ಒಂದೇ ಸಂಖ್ಯೆಯಾಗಿ ನಿಲ್ಲುತ್ತದೆ, ಉತ್ತರ 0.0005. ಹಾಗೇ ಮೈನಸ್ 3ರ ವರ್ಗ ಬೇಕಿದ್ದರೆ ಬ್ರಾಕೆಟ್ ಹಾಕಲಿ. ಇಲ್ಲದಿದ್ದರೆ 9ರ ಬದಲು ಮೈನಸ್ 9 ಬರುತ್ತದೆ.

ಟ್ಯೂಷನ್ ಹೇಳಿಕೊಡುವವರ ಉತ್ತರ:
ಮಧ್ಯದ ಉತ್ತರವನ್ನು ಎರಡು ದಶಮಾಂಶಕ್ಕೆ ಬರೆದುಕೊಂಡು ಮತ್ತೆ ಹೊಡೆಯೋದು ಬಿಡಿಸಿ. ಹಿಂದಿನ ಉತ್ತರ ತರೋಕೆ ಆನ್ಸ್ ಬಟನ್ ಇದೆ, ಎ, ಬಿ, ಸಿ ಅಂತ ಮೆಮೊರಿ ಇದೆ. ಶಿಫ್ಟ್, ಆರ್‌ಸಿಎಲ್, ಎ ಒತ್ತಿದರೆ ಪೂರ್ತಿ ಸಂಖ್ಯೆ ಉಳಿಯುತ್ತದೆ. ಸಮೀಕರಣಕ್ಕೆ ಮೋಡ್ 5 ಇದೆ. ಆದರೆ ಅದು ಉತ್ತರ ತಾಳೆ ನೋಡೋಕೆ ಮಾತ್ರ ಇರಲಿ, ಮೊದಲು ಕೈಯಲ್ಲೇ ಬಿಡಿಸಲಿ.

ಏನೇನೋ ಒತ್ತಿ ಗೊಂದಲ ಆದರೆ ಹೆದರೋದು ಬೇಡ. ಶಿಫ್ಟ್, 9, 1, ಈಕ್ವಲ್, ಎಸಿ. ಸೆಟ್ಟಿಂಗ್ ಎಲ್ಲಾ ಮೊದಲಿನ ಹಾಗೆ ಆಗುತ್ತದೆ, ಡಿಗ್ರಿಗೂ ಬರುತ್ತದೆ. ಇದನ್ನು ಇವತ್ತೇ ಅವಳ ಕೈಯಲ್ಲಿ ಒಂದು ಸಲ ಮಾಡಿಸಿ.